ಪಾನಾ ತಾತನ ಎಡಗೈ

ಜೂನ್ 4

ಬೀಗರೇ,

ಕ್ಷೇಮ ಸಮಾಚಾರ ಕೊನೆಗೆ. ಮೊದಲು ಗದ್ದದ ವಿಷಯ ಇತ್ಯರ್ಥವಾಗಲಿ.

ನೀವು ಕಳಿಸಿದ ‘ನೀಲಗರಿ’ಯ ಇನ್ನೂರ ಹನ್ನೆರಡನೇ ಸಂಚಿಕೆ ಮಂಗಳವಾರ ತಲುಪಿತು. ಈ ಊರಿನ ಅಂಗಡಿಯವನು ಕಾಮಿಕ್ಸ್ ತರಿಸುವುದನ್ನು ನಿಲ್ಲಿಸಿದ ಮೇಲೆ ನಿಮ್ಮ ಒಂದೇ ಪ್ರತಿಯಲ್ಲಿ ಎರಡು ಮನೆ ನಡೆಯುತ್ತಿದೆ. ಮೊದಲು ಓದಿದವರು ಕಥೆಯ ಬಗ್ಗೆ ಬಾಯಿ ಬಿಡಕೂಡದು ಎಂಬ ನಮ್ಮ ಕಟ್ಟಳೆಯನ್ನು ಈ ಸಲವೂ ಪಾಲಿಸಿದ್ದೀರಿ. ಬೀಗರಾದವರು ಬಾಯಿಗೂ ಒಂದು ಬೀಗ ಇಟ್ಟುಕೊಂಡಿರಬೇಕು, ಸಂತೋಷ.

ಆದರೆ ಆ ಗದ್ದ? ಹದಿನೇಳು ವರ್ಷದಿಂದ ನೋಡಿದ ಹುಡುಗಿಯ ಗದ್ದವನ್ನು ಹೇಳದೆ ಕೇಳದೆ ಕೆತ್ತಿ ಚೂಪು ಮಾಡಿದ್ದಾರೆ. ಆ ಗದ್ದದಲ್ಲಿ ಲಕೋಟೆ ಒಡೆಯಬಹುದು. ಇಂಥ ಮುಖ ಹೊತ್ತು ಹಾರಿಬಂದ ನೀಲಗರಿಯನ್ನು ಶತ್ರುಗಳು ಹೇಗೆ ಗುರುತು ಹಿಡಿದರೋ, ನಾನಂತೂ ಮೂರು ಪುಟದವರೆಗೆ ಅವಳನ್ನು ಯಾರೋ ಅಂಚೆಯವಳು ಅಂದುಕೊಂಡಿದ್ದೆ. ಸಾಲದ್ದಕ್ಕೆ ಆಕಾಶಕ್ಕೆ ಬದನೆಕಾಯಿ ಬಣ್ಣ. ನನ್ನ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದೆ. ಕೆಂಪು ಚುಕ್ಕಿ, ನೀಲಿ ಚುಕ್ಕಿ ಒಂದರ ಹೆಗಲ ಮೇಲೊಂದು ಹತ್ತಿ ಕೂತಿವೆ. ಅಚ್ಚಿನ ಚುಕ್ಕಿಗಳನ್ನು ಸಾಲಾಗಿ ಕೂರಿಸಲು ಬಾರದವರು ಕಥೆಯನ್ನು ಎಲ್ಲಿ ಕೂರಿಸಿಯಾರು?

ಕೂರಿಸುವುದಿರಲಿ, ಮಲಗಿಸಿದ್ದಾರೆ. ಅವಳ ರೆಕ್ಕೆಗಳಿಗೆ ಎಣ್ಣೆ ಬಿಟ್ಟು, ಪಾನಾ ಹಿಡಿದು ಬೋಲ್ಟು ಬಿಗಿದು, ಹಾರಲು ಕಳಿಸಿ, ವಾಪಸು ಬರುವ ತನಕ ಆಕಾಶ ನೋಡುತ್ತ ಕೂರುವ ನಮ್ಮ ಪಾನಾ ತಾತನನ್ನು ಕೊನೆಯ ಪುಟದಲ್ಲಿ ಸೇತುವೆಯ ಮೇಲೆ ಕೆಡವಿದ್ದಾರೆ. ಎದೆಯ ಮೇಲೆ ಎರಡು ಟನ್ನಿನ ಎಂಜಿನ್ನು. ಕೆಳಗೆ ‘ಮುಂದುವರಿಯುವುದು’. ಏನು ಮುಂದುವರಿಯುವುದು? ಭಾರವೋ?

ಈಗ ಕ್ಷೇಮ. ನನ್ನ ಎದೆಯಲ್ಲಿ ಒಂದು ವಾಲ್ವ್ ಸವೆದಿದೆಯಂತೆ. ಎದೆ ತೆರೆದು ಹಳೆಯದನ್ನು ತೆಗೆದು ಹೊಸದು ಕೂರಿಸಬೇಕಂತೆ. ಹಾಗೆಂದ ಡಾಕ್ಟರ ಕೋಣೆಯ ಗೋಡೆ ಗಡಿಯಾರ ಹನ್ನೊಂದು ನಿಮಿಷ ಹಿಂದಿತ್ತು. ಹೊತ್ತೆಷ್ಟೆಂದು ಗೊತ್ತಿಲ್ಲದ ಮನುಷ್ಯ ನನಗೆ ಹೊತ್ತಿಲ್ಲ ಅನ್ನುತ್ತಾರೆ. ಇರಲಿ ಎಂದು, ಗ್ಯಾರಂಟಿ ಎಷ್ಟು ದಿನದ್ದು ಅಂತ ಕೇಳಿದೆ. ಆಪರೇಷನ್ನಿಗೆ ಯಾರೂ ಗ್ಯಾರಂಟಿ ಕೊಡುವುದಿಲ್ಲ ಎಂದು ನಕ್ಕರು. ನಾನು ಮೂವತ್ತೆಂಟು ವರ್ಷ ಗಡಿಯಾರಗಳ ಹೊಟ್ಟೆ ತೆರೆದವನು. ಎರಡು ಸಲ ನೆಲಕ್ಕೆ ಬಿದ್ದ ಅಲಾರಂ ಗಡಿಯಾರಕ್ಕೂ ಒಂದು ವರ್ಷದ ಚೀಟಿ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಇಲ್ಲಿ ಲೆಕ್ಕ ಉಲ್ಟಾ. ಏನಾದರೂ ಆದರೆ ನಾವು ಜವಾಬ್ದಾರರಲ್ಲ, ಇಲ್ಲಿ ಸಹಿ ಹಾಕಿ ಎಂದು ಒಂದು ಕಾಗದ ಮುಂದೆ ಚಾಚಿದರು. ಅಂದರೆ ಗಡಿಯಾರವೇ ರಿಪೇರಿಯವನಿಗೆ ಗ್ಯಾರಂಟಿ ಬರೆದುಕೊಡಬೇಕು.

ಪೆನ್ನು ಮುಚ್ಚಿ ಜೇಬಿಗಿಟ್ಟೆ. ಪಾನಾ ತಾತ ಆ ಎಂಜಿನ್ನಿನ ಅಡಿಯಿಂದ ಎದ್ದು ಬರಲಿ, ಆಮೇಲೆ ನೋಡೋಣ ಎಂದು ಹೇಳಿ ಬಂದೆ. ನಿಮ್ಮ ಮಗಳು ಇದನ್ನು ತಮಾಷೆ ಅಂದುಕೊಂಡಿದ್ದಾಳೆ. ಕಾಫಿ ಹದವಾಗಿ ಮಾಡಿದ ದಿನ ಅವಳು ನನ್ನ ಸೊಸೆ, ಎದುರು ವಾದಿಸಿದ ದಿನ ನಿಮ್ಮ ಮಗಳು. ಇವತ್ತು ನಿಮ್ಮ ಮಗಳು.

ಫೋನು ಮಾಡುವ ಗೊಡವೆ ಬೇಡ. ಫೋನಿನಲ್ಲಿ ನಾವಿಬ್ಬರೂ ‘ಆರಾಮಾ?’ ‘ಆರಾಮ’ ಎಂದು ಹೇಳಿ ಹೆಂಗಸರ ಕೈಗೆ ದಾಟಿಸುವ ಪೈಕಿ.

ಇಂತಿ,
ನಿಮ್ಮ ಗಡಿಯಾರದ ಬೀಗ

*

ಜೂನ್ 10

ಗಡಿಯಾರದ ಬೀಗರಿಗೆ ಬೋರ್ಡು ಬರೆಯುವ ಬೀಗನ ನಮಸ್ಕಾರ.

ಒಂದು ಗದ್ದಕ್ಕೆ ಇಷ್ಟು ಗದ್ದಲವೇ? ಕಥೆ ಶುರುವಾದಾಗ ಅವಳಿಗೆ ಹದಿನೆಂಟು, ಈಗ ಮೂವತ್ತೈದು. ಗದ್ದಕ್ಕೂ ಅನುಭವ ಬೇಡವೇ. ನನ್ನ ಸಿಟ್ಟು ಅಕ್ಷರದ ಮೇಲೆ. ಮಾತಿನ ಗುಳ್ಳೆಗಳಲ್ಲಿ ಕೈಬರಹ ಬಿಟ್ಟು ಕಂಪ್ಯೂಟರಿನ ಅಕ್ಷರ ತುಂಬಿದ್ದಾರೆ, ಗಮನಿಸಿದಿರಾ? ಖಳನಾಯಕ ಅಬ್ಬರಿಸಿದರೂ ಅದೇ ದಪ್ಪ, ತಾತ ನರಳಿದರೂ ಅದೇ ದಪ್ಪ. ಬ್ಯಾಂಕಿನ ನೋಟಿಸು ಓದಿದ ಹಾಗಾಯಿತು. ನರಳಿಕೆಯ ಅಕ್ಷರ ಸಣ್ಣಗೆ, ಸಾಲು ಸ್ವಲ್ಪ ಕೆಳಗೆ ಜಾರಿದ ಹಾಗೆ ಇರಬೇಕು. ಇದನ್ನು ಯಾರಿಗೆ ಹೇಳೋಣ?

ನಮ್ಮ ಮಕ್ಕಳ ಸಂಬಂಧದ ಮಾತಾದ ದಿನ ನೆನಪಿದೆಯೇ? ಹೆಂಗಸರು ಒಳಗೆ ಮಾತಾಡುತ್ತಿದ್ದರು, ನಾವಿಬ್ಬರೂ ಮುಂದಿನ ಕೋಣೆಯಲ್ಲಿ ಫ್ಯಾನು ನೋಡುತ್ತ ಕೂತಿದ್ದೆವು. ನಿಮ್ಮ ಕೋಟಿನ ಜೇಬಿನಿಂದ ನೀಲಿ ರೆಕ್ಕೆಯ ತುದಿ ಇಣುಕಿತು. ನಾನು ನನ್ನ ಚೀಲದಿಂದ ಅದೇ ಸಂಚಿಕೆ ತೆಗೆದು ಮಡಿಲ ಮೇಲಿಟ್ಟುಕೊಂಡೆ. ಹೆಂಗಸರು ಹೊರಗೆ ಬರುವಷ್ಟರಲ್ಲಿ, ಪಾನಾ ತಾತನಿಗೆ ಹಿಂದೆ ಮದುವೆಯಾಗಿತ್ತೋ ಇಲ್ಲವೋ ಎಂಬುದರ ಮೇಲೆ ನಮ್ಮ ಜಗಳ ಬೀದಿಗೆ ಕೇಳುತ್ತಿತ್ತು. ಸಂಬಂಧ ಮುರಿಯಿತೆಂದು ನನ್ನವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಗ್ಯಾರಂಟಿಯ ವಿಷಯ. ನಾನೂ ಕೊಡುತ್ತೇನೆ, ಬಾಯಲ್ಲಲ್ಲ. ಬರೆದ ಬೋರ್ಡು ಮನಸ್ಸಿಗೆ ಒಪ್ಪಿದರೆ ಕೆಳಗೆ ಬಲ ಮೂಲೆಯಲ್ಲಿ ಎಳ್ಳಿನಷ್ಟು ಚಿಕ್ಕದಾಗಿ ಒಂದು ಕುಂಚದ ಗುರುತು ಹಾಕುತ್ತೇನೆ. ಆ ಗುರುತಿದ್ದರೆ ಬಣ್ಣ ಎದ್ದರೂ, ಬಿಸಿಲಿಗೆ ಬಿಳಿಚಿದರೂ ನಾನೇ ಏಣಿ ಹೊತ್ತು ಹೋಗಿ ಮತ್ತೆ ಬರೆದುಕೊಡಬೇಕು. ಒಪ್ಪದ ಬೋರ್ಡಿಗೆ ಗುರುತೂ ಇಲ್ಲ, ಗ್ಯಾರಂಟಿಯೂ ಇಲ್ಲ. ಆದರೆ ಡಾಕ್ಟರು ನಿಮ್ಮ ಪಕ್ಕೆಲುಬಿನ ಬಲ ಮೂಲೆಯಲ್ಲಿ ತಮ್ಮ ಗುರುತು ಕೊರೆಯಲಿ ಅಂದರೆ ಹೇಗೆ ಸ್ವಾಮಿ?

ಹಟ ಬಿಟ್ಟು ಸಹಿ ಹಾಕಿ. ಹೆಣ್ಣು ಕೊಟ್ಟವನ ಮಾತು ವರ್ಷಕ್ಕೊಂದಾದರೂ ನಡೆಯಬೇಕು.

ಬೋರ್ಡಿನ ಬೀಗ

*

ಜೂನ್ 18

ಅಪ್ಪಾ,

ಮಾವ ತಮಾಷೆ ಮಾಡುತ್ತಿಲ್ಲ.

ಅಂಗಡಿಗೆ ಹನ್ನೆರಡು ಮೆಟ್ಟಿಲು. ಐದನೆಯದರಲ್ಲಿ ಕೂತುಬಿಡುತ್ತಾರೆ. ಯಾರಾದರೂ ನೋಡಿದರೆ ಮೆಟ್ಟಿಲಿನ ಬಿರುಕನ್ನು ಪರೀಕ್ಷೆ ಮಾಡುತ್ತಿರುವ ಹಾಗೆ ಬೆರಳಿಂದ ಕೆರೆಯುತ್ತಾರೆ. ಈ ವಾರ ಆ ಬಿರುಕನ್ನು ಅವರು ಎಷ್ಟು ಸಲ ಪರೀಕ್ಷೆ ಮಾಡಿದರೆಂದರೆ, ಮೆಟ್ಟಿಲು ಕಟ್ಟಿದವನೂ ಅಷ್ಟು ನೋಡಿರಲಿಕ್ಕಿಲ್ಲ.

ಜುಲೈ ಮುಗಿಯುವುದರೊಳಗೆ ಆಗಬೇಕು, ಆಮೇಲೆ ಎದೆ ಆಪರೇಷನ್ನನ್ನೇ ತಡೆಯುವುದಿಲ್ಲ ಎಂದು ಡಾಕ್ಟರು ನನಗೂ ನಿಮ್ಮ ಅಳಿಯನಿಗೂ ಬಿಡಿಸಿ ಹೇಳಿದ್ದಾರೆ. ಮಾವನಿಗೂ ಹೇಳಿದರು. ಅವರು ಗೋಡೆ ಗಡಿಯಾರ ನೋಡುತ್ತ ಕೂತಿದ್ದರು. ಸಹಿಯ ಕಾಗದ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗಿದೆ. ಉಪ್ಪು ಮುಟ್ಟಬಾರದು ಅಂದಿದ್ದಾರೆ, ಉಪ್ಪು ಮುಟ್ಟುತ್ತಾರೆ. ಕಾಗದ ಮುಟ್ಟಬೇಕು ಅಂದಿದ್ದಾರೆ, ಕಾಗದ ಮುಟ್ಟುವುದಿಲ್ಲ. ಅತ್ತೆ ಅತ್ತರು. ಇವರು ಬುದ್ಧಿ ಹೇಳಲು ಹೋಗಿ, ಸೇತುವೆ ಎಷ್ಟು ಭಾರ ತಡೆಯುತ್ತದೆ ಎಂದು ಮುಕ್ಕಾಲು ಗಂಟೆ ಪಾಠ ಹೇಳಿಸಿಕೊಂಡು ಬಂದರು.

ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟು ಬಂದಿದೆ. ಅರವತ್ತು ದಾಟಿದ ಇಬ್ಬರು ಗಂಡಸರು, ಮನೆಯವರ ಹತ್ತಿರ ಒಂದು ಮಾತು ನೆಟ್ಟಗೆ ಆಡುವುದಿಲ್ಲ, ಕಾಗದದ ಮುದುಕನ ಮೇಲೆ ಹದಿನಾರು ಪುಟ ಪತ್ರ ಬರೆಯುತ್ತೀರಿ. ನಿನ್ನೆ ಮಾವನ ಮುಂದೆ ನಿಂತು, ಹೆದರಿಕೆ ಆಗ್ತಿದೆಯಾ ಅಂತ ನೇರವಾಗಿ ಕೇಳಿಬಿಟ್ಟೆ. ‘ನನಗ್ಯಾಕಮ್ಮ ಹೆದರಿಕೆ, ಎಂಜಿನ್ನು ಬಿದ್ದಿರೋದು ತಾತನ ಮೇಲೆ’ ಅಂದರು.

ಮುಂದಿನ ಸಂಚಿಕೆ ಬಂದ ದಿನವೇ ಕಳಿಸಿ. ನಾನು ಆ ಪುಸ್ತಕದ ಒಂದು ಪುಟವನ್ನೂ ಓದಿದವಳಲ್ಲ. ಆದರೂ ಕೇಳುತ್ತೇನೆ. ಆ ತಾತ ಬದುಕುತ್ತಾನಾ?

ಮಗಳು

*

ಜುಲೈ 2

ಮಗಳೇ,

ಇಲ್ಲ. ಬದುಕುವುದಿಲ್ಲ.

ಇನ್ನೂರ ಹದಿಮೂರನೇ ಸಂಚಿಕೆ ಸೋಮವಾರ ಬಂತು. ಬಸ್ಸಿನಲ್ಲಿ ಓದಿದೆ, ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ಇಪ್ಪತ್ತೊಂಬತ್ತನೇ ಪುಟದಲ್ಲಿ ನೀಲಗರಿ ಹಾರಿಬರುತ್ತಾಳೆ, ತಡವಾಗಿ. ಮೂವತ್ತನೇ ಪುಟದಲ್ಲಿ ತಾತನ ಕೈ ಸಡಿಲಾಗಿ, ಅವನ ಪಾನಾ ಸೇತುವೆಯಿಂದ ಜಾರಿ ನದಿಗೆ ಬೀಳುತ್ತದೆ. ಒಂದು ಮಾತಿಲ್ಲ, ಒಂದು ವಿದಾಯವಿಲ್ಲ. ಹದಿನೇಳು ವರ್ಷ ದುಡಿಸಿಕೊಂಡು ಒಂದೂವರೆ ಪುಟದಲ್ಲಿ ಮುಗಿಸಿದ್ದಾರೆ. ಹೊಸ ಕಥೆಗಾರನಂತೆ, ಕಥೆಯನ್ನು ಇಂದಿನ ಕಾಲಕ್ಕೆ ತರುತ್ತಾನಂತೆ. ಇಂದಿನ ಕಾಲದಲ್ಲಿ ಮುದುಕರಿಗೆ ಜಾಗವಿಲ್ಲವೋ? ಕಲೆ ಬಾರದವನ ಕೈಗೆ ಕಥೆ ಕೊಟ್ಟರೆ ಕೊಲೆಯೇ ಆಗುವುದು. ಅವನ ಮನೆ ಗೊತ್ತಿದ್ದರೆ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ನನ್ನ ಅಭಿಪ್ರಾಯ ಬರೆದು ಬರುತ್ತಿದ್ದೆ, ಬಿಟ್ಟಿಯಾಗಿ.

ಈಗ ನಾನು ಮಾಡಿದ್ದನ್ನು ಕೇಳು. ಪುಸ್ತಕದ ಪಿನ್ನು ಬಿಚ್ಚಿದೆ. ತಾತ ಸಾಯುವ ಎರಡು ಪುಟವನ್ನಷ್ಟೇ ತೆಗೆಯೋಣ ಅಂದರೆ ಆಗುವುದಿಲ್ಲ. ನಡುವೆ ಮಡಚಿದ ಒಂದು ಹಾಳೆಯಲ್ಲಿ ನಾಲ್ಕು ಪುಟ, ಹಿಂದಿನ ಇಪ್ಪತ್ತೊಂಬತ್ತು, ಮೂವತ್ತಕ್ಕೆ ಮುಂದಿನ ಮೂರು, ನಾಲ್ಕು ಅಂಟಿಕೊಂಡಿವೆ. ಹಾಗಾಗಿ ನಾಲ್ಕನ್ನೂ ಹೊಸದಾಗಿ ಬರೆದೆ. ಹಾಳೆಯನ್ನು ಕಾಫಿ ನೀರಿನಲ್ಲಿ ಅದ್ದಿ ಹಳದಿ ಮಾಡಿದೆ. ಒಂದು ಶಾಲೆ, ಎರಡು ಔಷಧಿ ಅಂಗಡಿ ಬೋರ್ಡಿಗೆ ಕಾಯುತ್ತಿವೆ, ಕಾಯಲಿ. ನನ್ನ ತಾತ ಬಲಗೈ ಎಂಜಿನ್ನಿನ ಅಡಿ ಸಿಕ್ಕಿದ್ದರೂ ಎಡಗೈಯಲ್ಲಿ ಪಾನಾ ಹಿಡಿದು, ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಎಂಜಿನ್ನನ್ನೇ ಕಳಚಿ ಎದ್ದು ಬರುತ್ತಾನೆ. ಅಕ್ಷರ ಚೆನ್ನಾಗಿ ಬಂದಿದೆ. ಚಿತ್ರ ಬಂದ ಹಾಗೆ ಬಂದಿದೆ.

ನಾಳೆ ಕಳಿಸುತ್ತೇನೆ. ನಿನ್ನಿಂದ ಒಂದೇ ಸಹಾಯ. ಬೀಗರ ಭೂತಗನ್ನಡಿಯನ್ನು ಎಲ್ಲಾದರೂ ಅಡಗಿಸಿಡು. ಅಚ್ಚಾದ ಚಿತ್ರದಲ್ಲಿ ಚುಕ್ಕಿ ಇರುತ್ತವೆ, ಬಳಿದ ಬಣ್ಣದಲ್ಲಿ ಇರುವುದಿಲ್ಲ. ಬರಿಗಣ್ಣಿಗೆ ಗೊತ್ತಾಗದು.

ನಿನ್ನ ಅಮ್ಮನಿಗೆ ಹೇಳಿಲ್ಲ. ಮೂರು ದಿನದಿಂದ ಕೋಣೆ ಬಾಗಿಲು ಹಾಕಿಕೊಂಡಿದ್ದೇನೆಂದು ಅನುಮಾನದಲ್ಲಿದ್ದಾಳೆ.

ಅಪ್ಪ

*

ಜುಲೈ 6

ಅಪ್ಪಾ,

ಕಾಯಿಲೆಯ ಮನುಷ್ಯನಿಗೆ ಸುಳ್ಳು ಹೇಳುವ ಕೆಲಸಕ್ಕೆ ನನ್ನನ್ನು ಸೇರಿಸಿಕೊಂಡಿದ್ದೀರಿ. ಚಿಕ್ಕವಳಿದ್ದಾಗ ಬಳಪ ಕದ್ದೆನೆಂದು ನನ್ನನ್ನು ಒಂದು ಗಂಟೆ ಏಣಿಯ ಪಕ್ಕ ನಿಲ್ಲಿಸಿದವರು ನೀವೇ.

ಭೂತಗನ್ನಡಿ ಹಿಟ್ಟಿನ ಡಬ್ಬಿಯಲ್ಲಿದೆ. ಲಕೋಟೆ ಬಂತು. ಮೂಸಿ ನೋಡಿದೆ, ಬಣ್ಣ ಕಲಸುವ ಟರ್ಪೆಂಟೈನಿನ ವಾಸನೆ. ನಿಮ್ಮ ಅಂಗಿ ಬಂದ ಹಾಗಿತ್ತು. ಒಂದು ದಿನ ಕಿಟಕಿಯಲ್ಲಿಟ್ಟು ಆರಿಸಿ ಕೊಟ್ಟೆ.

ಕೋಣೆ ಬಾಗಿಲು ಹಾಕಿಕೊಂಡು ಓದುತ್ತಿದ್ದಾರೆ.

ಮಗಳು

*

ಜುಲೈ 13

ಬೀಗರೇ,

ಸಂಪಾದಕರಿಗೆ ಒಂದು ಪತ್ರ ಬರೆದು ಮುಗಿಸಿದೆ. ಕೈ ಇನ್ನೂ ಕಾದಿದೆ, ಆ ಕಾವಿನಲ್ಲೇ ನಿಮಗೆ ಬರೆಯುತ್ತಿದ್ದೇನೆ.

ಮೂರು, ನಾಲ್ಕು, ಇಪ್ಪತ್ತೊಂಬತ್ತು, ಮೂವತ್ತು. ಈ ನಾಲ್ಕು ಪುಟ ಬಿಡಿಸಿದವನು ಯಾರು? ಕಲಾವಿದ ರಜೆ ಹಾಕಿದ್ದನೇ? ಮೂರನೇ ಪುಟದಲ್ಲಿ ನೀಲಗರಿ ಹೊಲಿಗೆ ಅಂಗಡಿಯ ಬೋರ್ಡಿನ ಮೇಲೆ ಅಳತೆ ಟೇಪು ಹಿಡಿದು ನಿಂತ ಹೆಂಗಸಿನ ಹಾಗಿದ್ದಾಳೆ. ನಾಲ್ಕನೇ ಪುಟದ ಕುದುರೆ ಕುರ್ಚಿಯೋ ಕುದುರೆಯೋ ಎಂದು ನಾನೂ ನನ್ನ ಮನೆಯವಳೂ ಚರ್ಚೆ ಮಾಡಿದೆವು, ಅವಳು ಕುರ್ಚಿ ಅಂದಳು. ಗದ್ದ ಒಂದನ್ನು ಮಾತ್ರ ಹಳೆಯ ಹಾಗೆ ದುಂಡಗೆ ಬಿಡಿಸಿದ್ದಾನೆ, ಅದಕ್ಕೆ ಒಂದು ಅಂಕ.

ಇನ್ನು ಮೂವತ್ತನೇ ಪುಟ. ತಾತನ ಎಡಗೈ ನೋಡಿದಿರಾ? ಎಡ ತೋಳಿನ ತುದಿಗೆ ಬಲಗೈ ಜೋಡಿಸಿದ್ದಾನೆ. ಹೆಬ್ಬೆರಳು ಹೊರಗಡೆ ಇದೆ. ಅರವತ್ತು ವರ್ಷ ಬದುಕಿ ಎರಡು ಕೈ ಹೊತ್ತು ತಿರುಗುವ ಮನುಷ್ಯ ಒಮ್ಮೆ ತನ್ನ ಕೈಯನ್ನಾದರೂ ನೋಡಿಕೊಳ್ಳಬಾರದೇ? ಅದನ್ನೂ ಕ್ಷಮಿಸುತ್ತಿದ್ದೆ. ಪಾನಾದ ಪಕ್ಕದಲ್ಲಿ ತಿರುಗಿಸುವ ದಿಕ್ಕಿಗೆ ಬಾಣ ಬೇರೆ ಹಾಕಿದ್ದಾನಲ್ಲ, ಅದನ್ನು ಹೇಗೆ ಕ್ಷಮಿಸಲಿ? ಬಾಣ ಗಡಿಯಾರದ ಮುಳ್ಳಿನ ದಿಕ್ಕಿಗಿದೆ. ಹಾಗೆ ತಿರುಗಿಸಿದರೆ ಬೋಲ್ಟು ಬಿಗಿಯುತ್ತದೆ. ತಾತ ಎಂಜಿನ್ನನ್ನು ಕಳಚುತ್ತಿಲ್ಲ ಬೀಗರೇ, ತನ್ನ ಎದೆಗೇ ಇನ್ನಷ್ಟು ಗಟ್ಟಿಯಾಗಿ ಕಟ್ಟಿಕೊಳ್ಳುತ್ತಿದ್ದಾನೆ. ಮುಂದಿನ ಚೌಕದಲ್ಲಿ ಎದ್ದು ನಿಂತು ನಗುತ್ತಾನಂತೆ. ಯಾವ ಲೆಕ್ಕದಲ್ಲಿ?

ಗುಳ್ಳೆಗಳ ಅಕ್ಷರ ಮಾತ್ರ ಸೊಗಸಾಗಿತ್ತು. ನರಳಿಕೆ ಸಣ್ಣಗಿತ್ತು, ಸಾಲು ಕೆಳಗೆ ಜಾರಿತ್ತು. ಅಷ್ಟು ಒಳ್ಳೆಯ ಅಕ್ಷರದವನನ್ನು ಅಷ್ಟು ಕೆಟ್ಟ ಚಿತ್ರದವನ ಪಕ್ಕ ಕೂರಿಸಿದ ಸಂಪಾದಕನಿಗೆ ನಾಚಿಕೆಯಾಗಬೇಕು. ಬಹಿರಂಗವಾಗಿ ಕ್ಷಮೆ ಕೇಳಬೇಕೆಂದು ಅವನಿಗೆ ಬರೆದಿದ್ದೇನೆ.

ಹೀಗಿರುವಾಗ ತಾತ ಬದುಕಿ ಬಂದ ಎಂದು ನಾನು ಒಪ್ಪಲು ಸಾಧ್ಯವಿಲ್ಲ. ಆಗಸ್ಟಿನ ಸಂಚಿಕೆಯಲ್ಲಿ ಏನು ವಿವರಣೆ ಕೊಡುತ್ತಾರೋ ನೋಡಿ, ಆಮೇಲೆ ಸಹಿಯ ಮಾತು.

ನಿಮ್ಮ ಅಭಿಪ್ರಾಯಕ್ಕೆ ಕಾಯುತ್ತಿದ್ದೇನೆ. ಈ ಸಲ ವಿಶೇಷವಾಗಿ ಕಾಯುತ್ತಿದ್ದೇನೆ.

ಗಡಿಯಾರದ ಬೀಗ

*

ಜುಲೈ 19

ಬೀಗರೇ,

ಪಾನಾ ತಾತ ಸತ್ತಿದ್ದಾನೆ. ನಿಜವಾದ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ, ಮೂವತ್ತನೇ ಪುಟ ನೋಡಿ. ನಿಮಗೆ ಕಳಿಸಿದ್ದು ನಾನು ಬರೆದದ್ದು. ಕುದುರೆ ನನ್ನದು. ಹೌದು, ಅದು ಕುದುರೆ.

ತಾತನ ಮುಖಕ್ಕೆ ನೋವು ಬೇಕಿತ್ತು. ಕನ್ನಡಿ ಮುಂದೆ ಕೂತು, ನೀವು ಐದನೇ ಮೆಟ್ಟಿಲಲ್ಲಿ ಕೂತಿರುವುದನ್ನು ನೆನೆದುಕೊಂಡು ನನ್ನ ಮುಖ ನೋಡಿ ಬರೆದೆ. ಕೈಯನ್ನೂ ಕನ್ನಡಿಯಲ್ಲೇ ನೋಡಿ ಬರೆದೆ. ಕನ್ನಡಿ ನನ್ನ ಎಡಗೈಯನ್ನು ಬಲಗೈ ಮಾಡಿತು, ಬೋಲ್ಟಿನ ದಿಕ್ಕನ್ನೂ ತಿರುಗಿಸಿತು. ಬೋರ್ಡು ಬರೆಯುವವನಿಗೆ ಕೈಗಳ ಅಭ್ಯಾಸವಿಲ್ಲ, ನನ್ನ ಕಸುಬು ಅಕ್ಷರ. ನಿಮಗೆ ಸುಳ್ಳು ಹೇಳಿದ್ದಕ್ಕೆ ನೀವು ಏನು ಬೈದರೂ ಬಾಗಿ ಕೇಳುತ್ತೇನೆ. ಮಗಳನ್ನು ಬೈಯಬೇಡಿ, ಅವಳು ಬೇಡವೆಂದೇ ಹೇಳಿದ್ದಳು.

ಈಗ ನನ್ನ ಸರದಿ. ನನಗೂ ಸಿಟ್ಟು ಬರುತ್ತದೆ ಬೀಗರೇ, ಹೆಣ್ಣು ಕೊಟ್ಟವನೆಂದು ಆರು ವರ್ಷ ತಡೆದುಕೊಂಡಿದ್ದೆ. ಬೋಲ್ಟು ಯಾವ ಕಡೆ ತಿರುಗಿದರೆ ಬಿಚ್ಚುತ್ತದೆ ಎಂದು ಬಲ್ಲವರು ನೀವು. ನಿಮ್ಮ ಎದೆಯ ಮೇಲೆ ಕೂತಿರುವುದು ಕಾಗದದ ಎಂಜಿನ್ನಲ್ಲ. ಅದನ್ನು ಬಿಚ್ಚಬಲ್ಲ ಮನುಷ್ಯ ಪಾನಾ ಹಿಡಿದು ಎದುರಿಗೆ ನಿಂತಿದ್ದಾನೆ, ನೀವು ಅವನ ಗೋಡೆ ಗಡಿಯಾರದ ತಪ್ಪು ಹುಡುಕುತ್ತ ಕೂತಿದ್ದೀರಿ. ಇದು ಹಟವಲ್ಲ. ಇದು ಹೆದರಿಕೆ. ಹೆದರಿಕೆ ಅಂತ ಹೇಳಿ, ನಾನು ಮುಂದಿನ ಬಸ್ಸು ಹತ್ತಿ ಬಂದು ಪಕ್ಕದಲ್ಲಿ ಕೂರುತ್ತೇನೆ. ನನಗೂ ಹೆದರಿಕೆಯಾಗಿದೆ.

ಆಗಸ್ಟಿನ ಸಂಚಿಕೆಗೆ ಕಾಯುತ್ತೇನೆ ಅನ್ನುತ್ತೀರಿ. ಅದರ ತುಂಬ ಅವನ ಅಂತ್ಯಕ್ರಿಯೆಯೇ ಇರುತ್ತದೆ, ಮೂವತ್ತೆರಡು ಪುಟ. ನಾಲ್ಕು ಪುಟಕ್ಕೆ ನನಗೆ ಮೂರು ದಿನ ಹಿಡಿಯಿತು. ಮೂವತ್ತೆರಡು ನನ್ನ ಕೈಯಲ್ಲಾಗುವುದಿಲ್ಲ, ಅಷ್ಟು ಕುದುರೆಗಳು ನನಗೆ ಬರುವುದಿಲ್ಲ.

ನೀಲಗರಿ ತಡವಾಗಿ ಬಂದದ್ದಕ್ಕೆ ಬಸ್ಸಿನಲ್ಲಿ ಅವಳ ಮೇಲೆ ಎಷ್ಟು ಕೋಪ ಬಂತೆಂದರೆ ಪುಸ್ತಕವನ್ನು ಕಿಟಕಿಯಿಂದ ಎಸೆಯುವವನಿದ್ದೆ. ಆಮೇಲೆ, ನಾನು ಮಾತ್ರ ಏನು ಮಾಡುತ್ತಿದ್ದೇನೆ ಅನ್ನಿಸಿತು.

ನಿಮ್ಮ ಅಂಗಡಿಯ ಬೋರ್ಡು ಬರೆದವನು ನಾನು. ಅದರ ಮೇಲೆ ‘ಮುಚ್ಚಿದೆ’ ಎಂದು ಬರೆಯಲು ನನ್ನನ್ನು ಕರೆಸಬೇಡಿ.

ಬೋರ್ಡಿನ ಬೀಗ

*

ಜುಲೈ 19

ಬೀಗರೇ,

ಆರು ದಿನ ಕಾದೆ. ನೀವು ಬಾಯಿ ಬಿಡುವ ಲಕ್ಷಣ ಕಾಣದ್ದರಿಂದ ನಾನೇ ಬಿಡುತ್ತೇನೆ.

ಗಡಿಯಾರ ರಿಪೇರಿಯವನ ಹತ್ತಿರ ಒಂದೇ ಭೂತಗನ್ನಡಿ ಇರುತ್ತದೆ ಎಂದು ನಿಮಗೆ ಯಾರು ಹೇಳಿದರು? ಒಂದು ಹಿಟ್ಟಿನ ಡಬ್ಬಿಯಲ್ಲಿದೆ (ನನ್ನ ಸೊಸೆ ಆ ವಾರ ರೊಟ್ಟಿಯನ್ನೇ ಮಾಡಲಿಲ್ಲ, ಡಬ್ಬಿ ಮುಟ್ಟಲು ಭಯ). ಒಂದು ಅಂಗಡಿಯಲ್ಲಿದೆ. ಮೂರನೆಯದು ನನ್ನ ಅಂಗಿಯ ಜೇಬಿನಲ್ಲಿ, ಸದಾ. ಮೂರನೇ ಪುಟಕ್ಕೆ ಬಂದ ಕೂಡಲೇ ತಿಳಿಯಿತು. ಒಂದು ಚುಕ್ಕಿ ಇಲ್ಲ. ಗೋಡೆಗೆ ಬಳಿದ ಹಾಗೆ ದಪ್ಪ ನೀಲಿ.

ನನಗೆ ಬಂದ ಸಿಟ್ಟು ಇಷ್ಟಷ್ಟಲ್ಲ. ಮೊದಲು ಓದಿದವನು ಬಾಯಿ ಬಿಡಬಾರದು ಅನ್ನುವ ಕಟ್ಟಳೆ ನಮ್ಮದು. ನೀವು ಬಾಯಿ ಬಿಡದೆ ಕುಂಚ ಬಿಟ್ಟಿರಿ. ಒಳ್ಳೆಯ ಸುದ್ದಿ ಕೊಡಲು ಯಾರೂ ಪುಸ್ತಕದ ಪಿನ್ನು ಬಿಚ್ಚುವುದಿಲ್ಲ, ಅಂದರೆ ತಾತ ಹೋದ. ಅದನ್ನು ನಾನು ಪುಟ ತಿರುಗಿಸಿ, ನನ್ನ ಹೊತ್ತಿಗೆ, ನನ್ನ ಕಣ್ಣಿಂದ ತಿಳಿಯಬೇಕಿತ್ತು. ಹಾಗಾಗಿಯೇ ಹದಿಮೂರನೇ ತಾರೀಖು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಅಷ್ಟು ಬೈದು ಬರೆದೆ. ಬೈಗುಳವೆಲ್ಲ ನಿಜ, ಒಂದನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಸಂಪಾದಕರಿಗೆ ಬರೆದ ಪತ್ರ ಇನ್ನೂ ಮೇಜಿನ ಮೇಲಿದೆ, ಅಂಚೆಗೆ ಹಾಕಿಲ್ಲ.

ನಿನ್ನೆ ಬೆಳಗ್ಗೆ ಇನ್ನಷ್ಟು ತಪ್ಪು ಹುಡುಕೋಣವೆಂದು ಮೂವತ್ತನೇ ಪುಟವನ್ನು ಮತ್ತೆ ತೆರೆದೆ. ಕೈ ನೋಡಿದೆ, ಬೋಲ್ಟು ನೋಡಿದೆ, ತಾತನ ಬೂಟು ನೋಡಿದೆ. ಬೂಟಿನ ಹಿಂದೆ, ಕೆಳಗೆ, ಬಲ ಮೂಲೆಯಲ್ಲಿ ಏನೋ ಕಸ ಕಂಡಿತು. ಉಗುರಿನಿಂದ ತೆಗೆಯಲು ಹೋದೆ, ಬರಲಿಲ್ಲ. ಭೂತಗನ್ನಡಿ ಹಾಕಿದೆ.

ಎಳ್ಳಿನಷ್ಟು ಚಿಕ್ಕ ಕುಂಚ.

ನೀವು ಅದನ್ನು ಹಾಕಿದ್ದು ನಿಮಗೇ ಗೊತ್ತಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಕಳ್ಳ ಕೆಲಸ ಮಾಡುವವನು ತನ್ನ ಗುರುತು ಹಾಕಿ ಹೋಗುತ್ತಾನೆಯೇ? ಕೆಲಸ ಮುಗಿದು, ಹಿಂದೆ ಸರಿದು ನೋಡಿ, ತಾತ ಎದ್ದು ನಿಂತದ್ದು ಮನಸ್ಸಿಗೆ ಒಪ್ಪಿ, ಕೈ ತಾನೇ ಹೋಗಿ ಹಾಕಿದೆ. ಗ್ಯಾರಂಟಿಯನ್ನು ಬಾಯಲ್ಲಿ ಕೊಟ್ಟಿದ್ದರೆ ನಂಬುತ್ತಿರಲಿಲ್ಲ. ಡಾಕ್ಟರು ನಗುತ್ತ ಇಲ್ಲವೆಂದದ್ದನ್ನು, ನನ್ನ ಹೆಂಡತಿ ಅತ್ತು ಕೊಡಲಾರದ್ದನ್ನು, ನೀವು ಅಂಥ ಕೆಟ್ಟ ಚಿತ್ರದ ಮೂಲೆಯಲ್ಲಿ ಕೊಟ್ಟು ಕೂತಿದ್ದೀರಿ. ಗುರುತಿದ್ದರೆ ನೀವೇ ಬಂದು ಸರಿ ಮಾಡಿಕೊಡಬೇಕು, ನಿಮ್ಮದೇ ಮಾತು.

ಐದನೇ ಮೆಟ್ಟಿಲಲ್ಲಿ ಕೂತಾಗ ನನಗೆ ತುಂಬ ಹೆದರಿಕೆಯಾಗುತ್ತದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಉಪ್ಪಿನ ಡಬ್ಬಿ ಸರಿಸಿ ಕಾಗದ ತೆಗೆದೆ. ನೀವು ಗುರುತು ಹಾಕಿದ್ದೀರಿ, ನಾನೂ ಸಹಿ ಹಾಕಿದೆ. ಇಪ್ಪತ್ತಾರಕ್ಕೆ ಆಪರೇಷನ್ನು. ಏಣಿ ಬೇಡ, ಬರಿಗೈಯಲ್ಲಿ ಬನ್ನಿ.

ನಿಮ್ಮ ಬೀಗ

*

ಆಗಸ್ಟ್ 30

ಬೀಗರೇ,

ನೀವು ಆಸ್ಪತ್ರೆಯಲ್ಲಿ ನಾಲ್ಕು ದಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಗ ನನಗೆ ಬೈಯಲು ಉಸಿರಿರಲಿಲ್ಲ. ಈಗಿದೆ.

ಹೊಸ ವಾಲ್ವ್ ಲೋಹದ್ದು, ಟಿಕ್ ಟಿಕ್ ಅನ್ನುತ್ತದೆ. ಮನೆ ನಿಶ್ಶಬ್ದವಾದಾಗ ನನ್ನವಳಿಗೂ ಕೇಳಿಸುತ್ತದೆ, ಗಡಿಯಾರ ತೆಗೆದಿಟ್ಟು ಮಲಗಿ ಅನ್ನುತ್ತಾಳೆ. ಎಲ್ಲಿ ತೆಗೆದಿಡಲಿ? ಮೂರು ದಿನ ಕೂತು ಅಳೆದು ನೋಡಿದೆ, ಸದ್ಯಕ್ಕೆ ತಪ್ಪಿಲ್ಲ. ಡಾಕ್ಟರ ಗೋಡೆ ಗಡಿಯಾರ ಈಗ ಹದಿನಾಲ್ಕು ನಿಮಿಷ ಹಿಂದಿದೆ. ಮುಂದಿನ ಸಲ ಹೋದಾಗ ಅದರ ಎದೆ ತೆರೆಯುತ್ತೇನೆ ಎಂದು ಹೇಳಿ ಬಂದಿದ್ದೇನೆ. ಒಪ್ಪಿದ್ದಾರೆ. ಗ್ಯಾರಂಟಿ ಕೇಳಿದರು, ಕೊಡುವವನಿದ್ದೇನೆ.

ನಿನ್ನೆ ಹನ್ನೆರಡು ಮೆಟ್ಟಿಲೂ ಹತ್ತಿದೆ. ಐದನೆಯದರ ಬಿರುಕು ನಿಜಕ್ಕೂ ದೊಡ್ಡದಿದೆ, ಮುಚ್ಚಿಸಬೇಕು.

ಇನ್ನೂರ ಹದಿನಾಲ್ಕನೇ ಸಂಚಿಕೆ, ತಾತನ ಅಂತ್ಯಕ್ರಿಯೆ, ನಿಮ್ಮ ಪೆಟ್ಟಿಗೆಯಲ್ಲಿ ತಿಂಗಳಿಂದ ಕೂತಿದೆ ಎಂದು ಸೊಸೆ ಹೇಳಿದಳು. ಕಳಿಸಿ. ಇದ್ದ ಹಾಗೆ ಕಳಿಸಿ, ಪಿನ್ನು ಮುಟ್ಟಬೇಡಿ. ಅವನ ಸಾವಿನ ಮೇಲೆ ಆ ಕಥೆಗಾರನಿಗೆ ಎಂಥ ಪತ್ರ ಬರೆಯಬೇಕೆಂದು ನಾವಿಬ್ಬರೂ ಸೇರಿ ಯೋಚಿಸೋಣ. ಮಾತು ನನ್ನದು, ಅಕ್ಷರ ನಿಮ್ಮದು. ನಿಮ್ಮ ನಾಲ್ಕು ಪುಟವನ್ನು ನಾನು ವಾಪಸು ಕೊಡುವುದಿಲ್ಲ.

ಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಹಾಗಾಗಿ ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ನನ್ನ ಎಡಗೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಿದ್ದೇನೆ. ಗೆರೆ ಎಲ್ಲೂ ನಡುಗಿಲ್ಲ, ಬೇಕಾದರೆ ಭೂತಗನ್ನಡಿ ಕಳಿಸುತ್ತೇನೆ, ಹಾಕಿ ನೋಡಿ. ಹೆಬ್ಬೆರಳು ಯಾವ ಕಡೆ ಇದೆ ನೋಡಿಕೊಳ್ಳಿ. ಕನ್ನಡಿಯ ಹತ್ತಿರ ಹೋಗಬೇಡಿ. ಬೋಲ್ಟು ಬಿಚ್ಚುವ ದಿಕ್ಕಿಗೆ ಪಕ್ಕದಲ್ಲಿ ಬಾಣವನ್ನೂ ಹಾಕಿದ್ದೇನೆ.

ಕೆಳಗೆ ಬಲ ಮೂಲೆಯಲ್ಲಿ ನನ್ನ ಸಹಿ ಇದೆ. ಗ್ಯಾರಂಟಿ ಒಂದು ವರ್ಷ.

ನಿಮ್ಮ ಗಡಿಯಾರದ ಬೀಗ